ನಿಮ್ಮೂರಲ್ಲಿ ಆಕ್ಸಿಡೆಂಟ್ ಎಲ್ಲಿ, ಯಾಕೆ ಆಗ್ತಾ ಇದೆ ಅಂತ ನೀವೇ ಪತ್ತೆ ಹಚ್ಚೋದು ಹೇಗೆ

ಊರಲ್ಲಿ ಒಂದು ದೊಡ್ಡ ಆಕ್ಸಿಡೆಂಟ್ ಆದ್ರೆ ಎರಡು ದಿನ ಎಲ್ರೂ ಅದನ್ನೇ ಮಾತಾಡ್ತಾರೆ, ಡ್ರೈವರ್‌ದು ತಪ್ಪು, ಇಲ್ಲ ಅಡ್ಡ ಬಂದೋರ್ದು ತಪ್ಪು ಅಂತ ವಾದ ಆಗುತ್ತೆ, ಯಾರೋ ಹಂಪ್ ಹಾಕಿಸಿ ಅಂತ ಕೂಗ್ತಾರೆ, ಆಮೇಲೆ ಮರೆತೇ ಹೋಗುತ್ತೆ. ಆರು ತಿಂಗಳು ಬಿಟ್ಟು ಅದೇ ತಿರುವಲ್ಲಿ ಇನ್ನೊಬ್ರು ಬೀಳ್ತಾರೆ. ಯಾರ ತಪ್ಪು ಅನ್ನೋದನ್ನ ಪೊಲೀಸು, ಕೋರ್ಟು ನೋಡ್ಕೊಳ್ಳಲಿ. ಊರಿನವರಾಗಿ ನಾವು ಕೇಳ್ಬೇಕಾಗಿರೋದು ಬೇರೆ ಪ್ರಶ್ನೆ: ಬೇರೆ ಬೇರೆ ಜನ, ಬೇರೆ ಬೇರೆ ಗಾಡಿ, ಬೇರೆ ಬೇರೆ ದಿನ, ಆದ್ರೂ ಜಾಗ ಮಾತ್ರ ಯಾಕೆ ಅದೇ? ಇದಕ್ಕೆ ಉತ್ತರ ಹುಡುಕೋಕೆ ಇಂಜಿನಿಯರೇ ಆಗ್ಬೇಕು ಅಂತಿಲ್ಲ. ಒಂದು ಫೋನು, ಒಂದು ಸ್ಪ್ರೆಡ್‌ಶೀಟು, ಜೊತೆಗೆ ಇಬ್ಬರು ಮೂವರು ತಾಳ್ಮೆ ಇರೋ ಜನ ಇದ್ರೆ ಸಾಕು.

ಮೊದ್ಲು ಡೇಟಾ. ಕನಿಷ್ಠ 3 ವರ್ಷದ್ದು ಬೇಕು, 5 ವರ್ಷದ್ದು ಸಿಕ್ರೆ ಇನ್ನೂ ಒಳ್ಳೇದು. ಪೊಲೀಸ್ ರೆಕಾರ್ಡ್‌ನಿಂದ ಶುರು ಮಾಡಿ, ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ಯಾಕಂದ್ರೆ ಸಾವು ಆದ ಕೇಸು ಸಾಮಾನ್ಯವಾಗಿ ರೆಕಾರ್ಡ್‌ಗೆ ಬರುತ್ತೆ, ಕೈಕಾಲು ಮುರ್ಕೊಂಡಿದ್ದು ಎಷ್ಟೋ ಬರೋದೇ ಇಲ್ಲ, ಅದ್ರಲ್ಲೂ ಸೈಕಲ್‌ನೋರು ಯಾರಿಗೂ ತಾಗದೆ ತಾವಾಗೇ ಬಿದ್ದಿದ್ದು, ನಡ್ಕೊಂಡು ಹೋಗೋರಿಗೆ ತಾಗಿದ್ದು ಇವೆಲ್ಲ ಅಲ್ಲೇ ರಾಜಿಯಾಗಿ ಮುಗ್ದು ಹೋಗಿರುತ್ತೆ. ಆಸ್ಪತ್ರೆಯ ಎಮರ್ಜೆನ್ಸಿ ರಿಜಿಸ್ಟರು, ಆಂಬುಲೆನ್ಸ್ ಕಾಲ್‌ಗಳ ಲೆಕ್ಕ, ಹಳೇ ಪೇಪರ್ ಸುದ್ದಿ, ಇದನ್ನೆಲ್ಲ ಪಕ್ಕಕ್ಕಿಟ್ಟು ನೋಡಿದ್ರೆ ಚಿತ್ರ ತುಂಬ ಬದಲಾಗುತ್ತೆ. ಇನ್ನೊಂದು ವಿಷ್ಯ, ಎಷ್ಟೋ ದೇಶಗಳಲ್ಲಿ ಆಕ್ಸಿಡೆಂಟ್ ಆಗಿ 30 ದಿನದೊಳಗೆ ತೀರ್ಕೊಂಡ್ರೆ ಅದನ್ನ ರಸ್ತೆ ಸಾವು ಅಂತ ಲೆಕ್ಕ ಹಾಕ್ತಾರೆ, ಸ್ಥಳದಲ್ಲೇ ಸತ್ತಿದ್ದು ಮಾತ್ರ ಅಲ್ಲ. ನಿಮಗೆ ಸಿಕ್ಕಿರೋ ಪಟ್ಟಿ ಯಾವ ಲೆಕ್ಕದ್ದು ಅಂತ ಕೇಳಿ ಬರ್ಕೊಳ್ಳಿ, ಇಲ್ಲಾಂದ್ರೆ ಎರಡು ಪಟ್ಟಿ ಹೋಲಿಸುವಾಗ ಎಡವಟ್ಟಾಗುತ್ತೆ.

ಸ್ಪ್ರೆಡ್‌ಶೀಟಲ್ಲಿ ಒಂದು ಆಕ್ಸಿಡೆಂಟಿಗೆ ಒಂದು ಸಾಲು. ತಾರೀಖು, ವಾರ, ಗಂಟೆ, ಕರೆಕ್ಟಾದ ಜಾಗ, ಬೆಳಕಿತ್ತಾ ಕತ್ತಲೆಯಾ, ರಸ್ತೆ ಒದ್ದೆ ಇತ್ತಾ, ಯಾವ ಯಾವ ಗಾಡಿ, ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಾ ಇದ್ವು, ಯಾರಿಗೆ ಎಷ್ಟು ಪೆಟ್ಟಾಯ್ತು. ಜಾಗ ಬರೆಯುವಾಗ 'ಮೇನ್ ರೋಡ್' ಅಂತ ಬರೆದ್ರೆ ಏನೂ ಉಪಯೋಗ ಇಲ್ಲ, ಯಾವ ಕ್ರಾಸಿನಿಂದ ಎಷ್ಟು ಮೀಟರ್, ಯಾವ ಕಡೆ ಅಂತ ಬೇಕು. ಹೆಸರು ಮಾತ್ರ ದಯವಿಟ್ಟು ಹಾಕ್ಬೇಡಿ. ಮನೆಯವರನ್ನ ಕಳ್ಕೊಂಡವರು ಆ ಶೀಟನ್ನ ಯಾವತ್ತೋ ನೋಡ್ತಾರೆ ಅನ್ನೋದು ನೆನಪಿರಲಿ, ವಯಸ್ಸು, ಯಾವ ಗಾಡೀಲಿದ್ರು ಅನ್ನೋದು ಇದ್ರೆ ಕೆಲಸಕ್ಕೆ ಸಾಕು.

ಇದನ್ನ ತಗೊಂಡು ಆನ್‌ಲೈನ್ ಮ್ಯಾಪ್ ಮೇಲೆ ಚುಕ್ಕಿ ಇಡಿ. ಸಾವಿಗೊಂದು ಬಣ್ಣ, ಗಂಭೀರ ಪೆಟ್ಟಿಗೊಂದು, ಸಣ್ಣದಕ್ಕೊಂದು. ಚುಕ್ಕಿಗಳು ಊರ ತುಂಬ ಸಮನಾಗಿ ಹರಡಿರೋದು ಅಪರೂಪ, ಕೆಲವೇ ರಸ್ತೆ, ಕೆಲವೇ ಜಂಕ್ಷನ್ ಮೇಲೆ ಗುಂಪಾಗಿ ಕೂತಿರುತ್ತೆ. ಕೆಲವು ಸಲ ಒಂದೇ ಜಾಗದಲ್ಲಿ ಗುಂಪು ಕಾಣಲ್ಲ, ಆದ್ರೆ ಒಂದೇ ಥರದ ಜಾಗಗಳಲ್ಲಿ ಕಾಣುತ್ತೆ, ಉದಾಹರಣೆಗೆ ಅಗಲವಾದ ನೇರ ರಸ್ತೆಗೆ ಸಣ್ಣ ಗಲ್ಲಿ ಬಂದು ಸೇರೋ ಕಡೆಯೆಲ್ಲ ಒಂದೊಂದು. ಆಗ ಒಂದು ಜಂಕ್ಷನ್ ರಿಪೇರಿ ಮಾಡಿದ್ರೆ ಸಾಲಲ್ಲ, ಆ ಥರದ ಜಾಗ ಎಲ್ಲವನ್ನೂ ಸರಿ ಮಾಡ್ಬೇಕಾಗುತ್ತೆ.

ಗುಂಪಾಗಿರೋ ಜಾಗ ಸಿಕ್ಕ ಮೇಲೆ ಒಂದು ಬಿಳಿ ಹಾಳೆ ಮೇಲೆ ಆ ಜಂಕ್ಷನ್ ಚಿತ್ರ ಬರೀರಿ, ಪ್ರತಿ ಆಕ್ಸಿಡೆಂಟಿಗೂ ಗಾಡಿ ಬಂದ ದಿಕ್ಕಿಗೆ ಬಾಣ ಹಾಕಿ, ಪಕ್ಕದಲ್ಲಿ ಗಂಟೆ, ಹಗಲು ರಾತ್ರಿ ಬರೀರಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಜೀವಾಳ, ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ. ಎಂಟು ಬಾಣದಲ್ಲಿ ಐದು ಬಾಣ ಅಡ್ಡ ರಸ್ತೆಯಿಂದ ಬಂದು ನೇರ ಹೋಗೋ ಗಾಡಿಗೆ ಗುದ್ದಿರೋದು, ಅದೂ ಒಂದೇ ಕಡೆಯಿಂದ, ಅಂತ ಕಂಡ್ರೆ ಆ ಅಡ್ಡ ರಸ್ತೆ ಬಾಯಲ್ಲಿ ಹೋಗಿ ನಿಂತ್ಕೊಂಡು, ಡ್ರೈವರ್ ಕಣ್ಣಿನ ಎತ್ತರಕ್ಕೆ ಸ್ವಲ್ಪ ಬಗ್ಗಿ ನೋಡಿ. ಬಹಳಷ್ಟು ಸಲ ಅಲ್ಲೊಂದು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಬೋರ್ಡು, ಪೊದೆ ಅಥವಾ ಸಾಲಾಗಿ ನಿಲ್ಸಿರೋ ಗಾಡಿ ಇರುತ್ತೆ, ಬರೋ ಗಾಡಿ ಕಾಣೋದೇ ಇಲ್ಲ. ರಾತ್ರಿ ಹೊತ್ತು ನಡ್ಕೊಂಡು ಹೋಗೋರಿಗೆ ಮಾತ್ರ ಪೆಟ್ಟಾಗ್ತಿದ್ರೆ ಲೈಟ್ ನೋಡಿ. ಹಿಂದಿನಿಂದ ಬಂದು ಗುದ್ದಿರೋದೇ ಜಾಸ್ತಿ ಇದ್ರೆ ಸಿಗ್ನಲ್ ದೂರದಿಂದ ಕಾಣುತ್ತಾ, ಹಳದಿ ಟೈಮ್ ಸಾಕಷ್ಟಿದೆಯಾ, ರಸ್ತೆ ನುಣ್ಣಗಾಗಿದೆಯಾ ಅಂತ ನೋಡಿ. ತಿರುವಲ್ಲಿ ಒಂಟಿ ಗಾಡಿ ರಸ್ತೆ ಬಿಟ್ಟು ಹೋಗ್ತಿದ್ರೆ ಸ್ಪೀಡು, ತಿರುವಿನ ಸೂಚನೆ, ರಸ್ತೆ ಪಕ್ಕದಲ್ಲಿ ಏನಿದೆ ಅನ್ನೋದು ಮುಖ್ಯ.

ಈಗ ಟ್ರೆಂಡ್ ವಿಷ್ಯ. ಸಣ್ಣ ಊರಿನ ಅಂಕಿಗಳಲ್ಲಿ ಎಲ್ರೂ ಜಾರೋದು ಇಲ್ಲೇ. ಹೋದ ವರ್ಷ 7 ಸಾವು, ಈ ವರ್ಷ 3, ಅಂದ್ರೆ ಅರ್ಧಕ್ಕಿಂತ ಕಮ್ಮಿ ಆಯ್ತು ಅಂತ ಖುಷಿ ಪಡೋದು ಬೇಡ, ಅದೇ ಉಲ್ಟಾ ಆದ್ರೆ ಊರೇ ಹಾಳಾಯ್ತು ಅಂತ ಗಾಬರಿನೂ ಬೇಡ. ಸರಾಸರಿ ವರ್ಷಕ್ಕೆ 4 ಇರೋ ಊರಲ್ಲಿ ಏನೂ ಬದಲಾಗದೇ ಇದ್ರೂ ಒಂದು ವರ್ಷ 1, ಇನ್ನೊಂದು ವರ್ಷ 8 ಬರಬಹುದು, ಬರೀ ಆಕಸ್ಮಿಕದಿಂದಲೇ. ಅದಕ್ಕೆ ಮೂರು ಅಥವಾ ಐದು ವರ್ಷದ ಸರಾಸರಿ ತಗೊಂಡು, ಅದನ್ನ ವರ್ಷ ವರ್ಷ ಮುಂದಕ್ಕೆ ಸರಿಸ್ತಾ ನೋಡಿ. ಸಾವಿನ ಜೊತೆ ಗಂಭೀರ ಪೆಟ್ಟನ್ನೂ ಸೇರಿಸಿದ್ರೆ ಸಂಖ್ಯೆ ಸ್ವಲ್ಪ ದೊಡ್ಡದಾಗಿ ಗೆರೆ ನಂಬೋ ಥರ ಆಗುತ್ತೆ. ಜನ, ಗಾಡಿ ಎಷ್ಟು ಹೆಚ್ಚಾಗಿದೆ ಅನ್ನೋದನ್ನೂ ಪಕ್ಕದಲ್ಲಿಡಿ. ನಡೆಯೋರ ಆಕ್ಸಿಡೆಂಟ್ ಕಮ್ಮಿ ಆಗಿದೆ ಅಂದ್ರೆ ರಸ್ತೆ ಸುರಕ್ಷಿತ ಆಗಿದೆ ಅಂತಲೇ ಅರ್ಥ ಅಲ್ಲ, ಹೆದರಿ ಜನ ಅಲ್ಲಿ ನಡೆಯೋದನ್ನೇ ಬಿಟ್ಟಿರಬಹುದು. ಆ ಜಾಗದಲ್ಲಿ ಒಂದು ಗಂಟೆ ನಿಂತು ಎಷ್ಟು ಜನ ದಾಟ್ತಾರೆ ಅಂತ ಎಣಿಸಿದ್ರೆ ಸತ್ಯ ಗೊತ್ತಾಗುತ್ತೆ.

ಯಾರಿಗೆ ಪೆಟ್ಟಾಗ್ತಿದೆ ಅನ್ನೋ ಕಾಲಂ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸತ್ತಿದ್ದಾರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಡೆಯೋರು, ಸೈಕಲ್‌ನೋರು, ಬೈಕ್‌ನೋರು. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣಾನೂ ಇದೇ. ಆದ್ರೂ ರಸ್ತೆ ಬಗ್ಗೆ ಮೀಟಿಂಗ್ ಆದಾಗ ಕಾರು ಎಷ್ಟು ಬೇಗ ಹೋಗುತ್ತೆ ಅನ್ನೋದೇ ಮೊದಲ ಚರ್ಚೆ. ನಿಮ್ಮ ಶೀಟ್ ಇರೋದೇ ಇದನ್ನ ಬದಲಾಯಿಸೋಕೆ.

ಇನ್ನು ಸ್ಪೀಡು. ಊಹೆ ಬೇಡ, ಅಳೀರಿ, ಸುಲಭ ಇದೆ. ಟೇಪ್ ಹಿಡಿದು ಫುಟ್‌ಪಾತ್ ಮೇಲೆ 50 ಮೀಟರ್ ಅಳೆದು ಎರಡು ಕಂಬ ಅಥವಾ ಮರ ಗುರುತು ಮಾಡ್ಕೊಳ್ಳಿ, ರಸ್ತೆಗೆ ಮಾತ್ರ ಇಳೀಬೇಡಿ. ಗಾಡಿ ಮೊದಲ ಗುರುತು ದಾಟಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಎರಡನೇದು ದಾಟಿದಾಗ ನಿಲ್ಸಿ. 180ನ್ನ ಎಷ್ಟು ಸೆಕೆಂಡ್ ಬಂತೋ ಅದರಿಂದ ಭಾಗಿಸಿದ್ರೆ ಗಂಟೆಗೆ ಕಿಲೋಮೀಟರ್ ಲೆಕ್ಕದಲ್ಲಿ ಸ್ಪೀಡ್ ಸಿಗುತ್ತೆ: 6 ಸೆಕೆಂಡ್ ಅಂದ್ರೆ 30, ನಾಲ್ಕೂವರೆ ಅಂದ್ರೆ 40, 3.6 ಅಂದ್ರೆ 50. ಇನ್ನೂ ಸರಿಯಾಗಿ ಬೇಕಂದ್ರೆ ವಿಡಿಯೋ ಮಾಡಿ ಆಮೇಲೆ ನಿಧಾನಕ್ಕೆ ಓಡಿಸಿ ನೋಡಿ. ಮುಂದಿನ ಗಾಡಿಗೆ ಅಂಟ್ಕೊಂಡು ಹೋಗ್ತಿರೋದನ್ನ ಬಿಡಿ, ಖಾಲಿ ರಸ್ತೆ ಸಿಕ್ಕು ತನ್ನಿಷ್ಟಕ್ಕೆ ಓಡೋ ಗಾಡಿಗಳನ್ನ ಒಂದು ನೂರು ಅಳೀರಿ. ನಿಧಾನದಿಂದ ಜೋರಿನ ಕಡೆ ಸಾಲಾಗಿ ಜೋಡಿಸಿ 85ನೇ ಗಾಡಿಯ ಸ್ಪೀಡ್ ನೋಡಿ, ಟ್ರಾಫಿಕ್ ಇಂಜಿನಿಯರ್‌ಗಳು ಬಳಸೋದು ಇದೇ ನಂಬರು. ಬೋರ್ಡ್ ಮೇಲೆ 30 ಅಂತ ಇದ್ದು ನಿಮ್ಮ 85ನೇ ಗಾಡಿ 52ರಲ್ಲಿ ಹೋಗ್ತಿದ್ರೆ, ಆ ರಸ್ತೆಯ ಅಗಲ, ನೇರ, ನುಣುಪು ಎಲ್ಲ ಸೇರಿ ಡ್ರೈವರ್‌ಗೆ 50ರಲ್ಲಿ ಹೋಗು ಅಂತ ಹೇಳ್ತಾ ಇದೆ ಅಂತ ಅರ್ಥ, ಬೋರ್ಡ್ ಮಾತು ಯಾರೂ ಕೇಳ್ತಿಲ್ಲ.

30ಕ್ಕೂ 50ಕ್ಕೂ ಇರೋ ವ್ಯತ್ಯಾಸ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ಈ ಲೆಕ್ಕ ಕೊಡಿ. ಡ್ರೈವರ್ ಕಣ್ಣಿಗೆ ಬಿದ್ದು ಬ್ರೇಕ್ ಮೇಲೆ ಕಾಲು ಹೋಗೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಕೊಳ್ಳಿ. 30ರಲ್ಲಿರೋ ಗಾಡಿ ಆ ಹೊತ್ತಿಗೆ ಹನ್ನೆರಡೂವರೆ ಮೀಟರ್ ಹೋಗಿರುತ್ತೆ, ಒಣ ರಸ್ತೇಲಿ ಬ್ರೇಕ್ ಹಿಡಿದು ನಿಲ್ಲೋಕೆ ಇನ್ನೊಂದು 5 ಮೀಟರ್, ಒಟ್ಟು ಹದಿನೇಳೂವರೆ. 50ರಲ್ಲಿರೋ ಗಾಡಿ ಬ್ರೇಕ್ ತುಳಿಯೋ ಮುಂಚೆಯೇ 21 ಮೀಟರ್ ದಾಟಿರುತ್ತೆ, ನಿಲ್ಲೋದು 35 ಮೀಟರ್ ಹತ್ರ. ಅಂದ್ರೆ 18 ಮೀಟರ್ ಮುಂದೆ ಒಂದು ಮಗು ರಸ್ತೆಗಿಳಿದ್ರೆ, 30ರ ಗಾಡಿ ಮಗು ಮುಂದೆ ನಿಲ್ಲುತ್ತೆ, 50ರ ಗಾಡಿ ಸ್ವಲ್ಪವೂ ನಿಧಾನ ಆಗದೆ ಪೂರ್ತಿ 50ರಲ್ಲೇ ಬಂದು ತಾಗುತ್ತೆ. ಮಳೆ ಬಂದಿದ್ರೆ ಇನ್ನೂ ಉದ್ದ. ಒಟ್ಟಾರೆ ಸರಾಸರಿ ಸ್ಪೀಡು 1% ಹೆಚ್ಚಾದ್ರೆ ಸಾವಿನ ಆಕ್ಸಿಡೆಂಟ್ ಅಪಾಯ ಸುಮಾರು 4% ಹೆಚ್ಚಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಹಾಗಾಗಿ 52ನ್ನ 45ಕ್ಕೆ ಇಳಿಸಿದ್ರೂ ಅದು ಸಣ್ಣ ಕೆಲಸ ಅಲ್ಲ.

ಹಾಗಾದ್ರೆ ಏನು ಕೇಳ್ಬೇಕು? ಎಲ್ಲದಕ್ಕೂ ಹಂಪ್ ಕೇಳೋದು ಬಿಡಿ. ಗಿಡ್ಡಕ್ಕೆ ಚೂಪಾಗಿ ಇರೋ, ಬಣ್ಣ ಬಳಿಯದೆ ಇರೋ ಹಂಪ್ ರಾತ್ರಿ ಬೈಕ್‌ನೋರನ್ನೇ ಬೀಳಿಸುತ್ತೆ. ಹಾಕೋದಾದ್ರೆ ಅಳತೆ ಪ್ರಕಾರ ಹಾಕ್ಬೇಕು, ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಟೆಸ್ಟ್ ಮಾಡಿ ರೂಪಿಸಿದ ದುಂಡನೆ ಹಂಪ್ 3.7 ಮೀಟರ್ ಉದ್ದ, ಎತ್ತರ 10 ಸೆಂಟಿಮೀಟರ್ ಅಷ್ಟೇ, ಮುಂಚೆ ಎಚ್ಚರಿಕೆ ಬೋರ್ಡು, ಮೇಲೆ ಬಣ್ಣ, ಲೈಟು ಎಲ್ಲ ಇರ್ಬೇಕು. ಜನ ದಾಟೋ ಜಾಗ ಆದ್ರೆ ಹಂಪ್‌ಗಿಂತ ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಒಳ್ಳೇದು, ಅಗಲ ರಸ್ತೆ ಆದ್ರೆ ಮಧ್ಯದಲ್ಲಿ ನಿಲ್ಲೋಕೆ ಒಂದು ದ್ವೀಪ ಬೇಕು, ಆಗ ಒಂದು ಸಲಕ್ಕೆ ಒಂದೇ ಕಡೆ ನೋಡ್ಕೊಂಡು ದಾಟಬಹುದು, ವಯಸ್ಸಾದೋರಿಗೆ ಇದು ದೊಡ್ಡ ಆಸರೆ. ಸಿಗ್ನಲ್‌ನಲ್ಲಿ ತಿರುಗೋ ಗಾಡಿ ಜನಕ್ಕೆ ತಾಗ್ತಿದ್ರೆ ನಡೆಯೋರಿಗೆ 3ರಿಂದ 7 ಸೆಕೆಂಡ್ ಮುಂಚೆ ಹಸಿರು ಕೊಡಿ ಅಂತ ಕೇಳಿ, ಸಿಗ್ನಲ್ ಸೆಟಿಂಗ್ ಬದಲಾಯಿಸಿದ್ರೆ ಆಗೋ ಕೆಲಸ, ರಸ್ತೆ ಅಗೆಯೋದೇನೂ ಬೇಡ. ಅಡ್ಡ ಬಂದು ಗುದ್ದೋದು ಜಾಸ್ತಿ ಇರೋ ನಾಲ್ಕು ದಾರಿ ಜಂಕ್ಷನ್‌ಗೆ ಸರಿಯಾಗಿ ಡಿಸೈನ್ ಮಾಡಿದ ರೌಂಡಬೌಟ್ (ಗಾಡಿಗಳು ಮಧ್ಯದ ಸರ್ಕಲ್ ಸುತ್ತಿ ಹೋಗೋ ಜಂಕ್ಷನ್) ತುಂಬ ಕೆಲಸ ಮಾಡುತ್ತೆ: ಸಾಮಾನ್ಯ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗೋ ಬಿಂದು 32 ಇರುತ್ತೆ, ಒಂದು ಲೇನಿನ ರೌಂಡಬೌಟ್‌ನಲ್ಲಿ 8. ಅಮೆರಿಕದ ಫೆಡರಲ್ ಹೈವೇ ಅಡ್ಮಿನಿಸ್ಟ್ರೇಷನ್ ಪ್ರಕಾರ ಸಿಗ್ನಲ್ ಜಂಕ್ಷನ್‌ನ ರೌಂಡಬೌಟ್ ಮಾಡಿದ್ರೆ ಸಾವು ಅಥವಾ ಪೆಟ್ಟಾಗೋ ಆಕ್ಸಿಡೆಂಟ್ 78% ಕಮ್ಮಿ ಆಗುತ್ತೆ.

ಎಲ್ಲಕ್ಕಿಂತ ಕಮ್ಮಿ ಖರ್ಚಿಂದು ಯಾವುದು ಅಂದ್ರೆ ಕ್ರಾಸಿಂಗ್ ಪಕ್ಕ ಪಾರ್ಕಿಂಗ್ ತೆಗೆಯೋದು. ಮೂಲೆಯಿಂದ ಒಂದು 6 ಮೀಟರ್ ಖಾಲಿ ಇದ್ರೆ ದಾಟೋ ಮಗು ಡ್ರೈವರ್‌ಗೆ ಕಾಣುತ್ತೆ, ಡ್ರೈವರ್ ಮಗುಗೆ ಕಾಣ್ತಾನೆ. ಅಮೆರಿಕದ ನ್ಯೂಜೆರ್ಸಿಯ ಹೊಬೋಕನ್ ಅನ್ನೋ ಸಣ್ಣ ನಗರ ಮೂಲೆ ಮೂಲೆಗೂ ಇದನ್ನ ಮಾಡ್ತಾ ಬಂತು, ಸ್ಪೀಡ್ ಮಿತಿನೂ ಇಳಿಸ್ತು, 2017ರ ಜನವರಿ ಆದ್ಮೇಲೆ ಏಳು ವರ್ಷ ಅಲ್ಲಿ ರಸ್ತೇಲಿ ಒಂದೂ ಸಾವಾಗ್ಲಿಲ್ಲ. ದೊಡ್ಡ ನಗರಕ್ಕೆ ಆಗಲ್ಲ ಅಂತ ಯಾರಾದ್ರೂ ಅಂದ್ರೆ ನಾರ್ವೆಯ ರಾಜಧಾನಿ ಆಸ್ಲೋ ಹೆಸರು ಹೇಳಿ, 2019ರಲ್ಲಿ ಅಲ್ಲಿ ನಡೆಯೋರು, ಸೈಕಲ್‌ನೋರು ಒಬ್ರೂ ರಸ್ತೇಲಿ ಸಾಯ್ಲಿಲ್ಲ.

ಬದಲಾವಣೆ ಆದ್ಮೇಲೆ ಕೆಲಸ ಮುಗೀಲಿಲ್ಲ, ನಿಜವಾಗ್ಲೂ ಕಮ್ಮಿ ಆಯ್ತಾ ಅಂತ ನೋಡ್ಬೇಕು. ಕೆಟ್ಟ ವರ್ಷ ಆದ್ಮೇಲೆ ಏನೂ ಮಾಡದೇ ಇದ್ರೂ ಮುಂದಿನ ವರ್ಷ ಸಂಖ್ಯೆ ತಾನಾಗೇ ಸರಾಸರಿ ಕಡೆ ಇಳಿಯುತ್ತೆ, ಅದನ್ನ ನೋಡಿ ಹಂಪ್ ಕೆಲಸ ಮಾಡ್ತು ಅಂದ್ಕೊಂಡ್ರೆ ತಪ್ಪು. ಮುಂಚಿನ 3 ವರ್ಷ, ಆಮೇಲಿನ 3 ವರ್ಷ ಹೋಲಿಸಿ, ಅದೇ ಹೊತ್ತಲ್ಲಿ ಏನೂ ಬದಲಾಗದೆ ಇದ್ದ ಅದೇ ಥರದ ಇನ್ನೊಂದು ರಸ್ತೇನೂ ಪಕ್ಕದಲ್ಲಿಡಿ. ಲಂಡನ್ನಿನ ಗಂಟೆಗೆ 20 ಮೈಲಿ ವಲಯಗಳ ಬಗ್ಗೆ 1986ರಿಂದ 2006ರವರೆಗಿನ ಅಂಕಿ ತಗೊಂಡು ಹೀಗೇ ಲೆಕ್ಕ ಹಾಕಿದ್ರು, ಊರಿಡೀ ಹೇಗಿದ್ರೂ ಕಮ್ಮಿ ಆಗ್ತಿದ್ದಿದ್ದನ್ನ ಕಳೆದ ಮೇಲೂ ಪೆಟ್ಟಾದೋರ ಸಂಖ್ಯೆ ಸುಮಾರು 42% ಇಳಿದಿತ್ತು, ಪಕ್ಕದ ರಸ್ತೆಗಳಿಗೆ ಅಪಾಯ ಜಾರಿ ಹೋಗಿದ್ದೂ ಕಾಣ್ಲಿಲ್ಲ. ಮೂರು ವರ್ಷ ಕಾಯೋಕೆ ಆಗಲ್ಲ ಅಂದ್ರೆ ಒಂದು ತಿಂಗಳಾದ್ಮೇಲೆ ಮತ್ತೆ ಅದೇ 50 ಮೀಟರ್‌ನಲ್ಲಿ ಸ್ಪೀಡ್ ಅಳೀರಿ, 85ನೇ ಗಾಡಿ ನಿಧಾನ ಆಗಿಲ್ಲ ಅಂದ್ರೆ ಆಕ್ಸಿಡೆಂಟ್ ಕಮ್ಮಿ ಆಗುತ್ತೆ ಅಂತ ಕಾಯೋದ್ರಲ್ಲಿ ಅರ್ಥ ಇಲ್ಲ, ಆಗ್ಲೇ ಹೋಗಿ ಹೇಳಿ.

ಅರ್ಜಿ ಒಂದೇ ಹಾಳೆ ಇರ್ಲಿ, ಒಂದು ಅರ್ಜಿಗೆ ಒಂದೇ ಜಾಗ. ಮೇಲೆ ಮ್ಯಾಪ್, ಕೆಳಗೆ ಬಾಣದ ಚಿತ್ರ, ಪಕ್ಕದಲ್ಲಿ ಸ್ಪೀಡ್ ಲೆಕ್ಕ, ಡ್ರೈವರ್ ಕಣ್ಣಿನ ಎತ್ತರದಿಂದ ತೆಗ್ದ ಒಂದು ಫೋಟೋ, ಕೊನೇಲಿ ಏನು ಮಾಡ್ಬೇಕು ಅಂತ ಎರಡು ಸಾಲು. ಊರಿನ ಎಲ್ಲ ರಸ್ತೆ ಸರಿ ಮಾಡಿ ಅಂತ ಬರೆದ ಅರ್ಜಿ ಯಾರ ಟೇಬಲ್ ಮೇಲೂ ಮುಂದಕ್ಕೆ ಹೋಗಲ್ಲ. ದುಡ್ಡಿಲ್ಲ ಅಂತ ಉತ್ತರ ಬಂದ್ರೆ ತಾತ್ಕಾಲಿಕವಾಗಿ ಮಾಡಿ ನೋಡೋಣ ಅನ್ನಿ, ಬಣ್ಣ, ಪ್ಲಾಸ್ಟಿಕ್ ಕಂಬ, ಕುಂಡ ಇಟ್ಟು ಮೂಲೆ ಚಿಕ್ಕದು ಮಾಡಿ 3 ತಿಂಗಳು ಬಿಡಿ, ಮುಂಚೆ ಆಮೇಲೆ ಎರಡೂ ಸಲದ ಸ್ಪೀಡ್ ನಾವೇ ಅಳೆದು ಕೊಡ್ತೀವಿ ಅನ್ನಿ, ಕಂಬ ಇಡೋ ತಾರೀಖನ್ನ ಮಾತ್ರ ಬರವಣಿಗೇಲಿ ಇಸ್ಕೊಂಡು ಬನ್ನಿ.