ಎಣ್ಣೆ, ಬ್ಯಾಕ್ಟೀರಿಯಾ, ಪಾಚಿ: ದೋನಾ ಪಾವ್ಲಾದ ನೀರಿನಲ್ಲಿ ನನ್ನ ಪ್ರಯೋಗ

ಗೋವಾ ಕರಾವಳಿಗೆ ಮುಂಗಾರಿನ ಆಸುಪಾಸಿನಲ್ಲಿ ಕಡಲಿಗೆ ಚೆಲ್ಲಿದ ಎಣ್ಣೆ ಗಟ್ಟಿಯಾಗಿ ಆದ ಡಾಂಬರಿನ ಉಂಡೆಗಳು ಬಂದು ಬೀಳುವುದು ಹೊಸದಲ್ಲ. ಕೆಲವು ವರ್ಷ ಅದೇ ಕಡಲು ಸೂಕ್ಷ್ಮಪಾಚಿಯ ವಿಪರೀತ ಬೆಳವಣಿಗೆಯಿಂದ ಬಣ್ಣಗೆಡುವುದೂ ಉಂಟು. ಎರಡಕ್ಕೂ ನಂಟಿದೆಯೇ ಎಂದು ಕೇಳಿದರೆ, ನೀರು ತರಲು ನಮ್ಮೊಡನೆ ಬರುತ್ತಿದ್ದ ಕಾರವಾರದ ತಾಂಡೇಲರು, "ಎಣ್ಣೆ ಬಿದ್ರೆ ನೀರು ಕೆಡ್ತದೆ ಸರ್, ಅದ್ರಲ್ಲಿ ಕೇಳೂದೇನದೆ?" ಎನ್ನುತ್ತಿದ್ದರು. ಕೆಡುವುದು ನಿಜ, ಆದರೆ ಯಾವ ಜೀವಿಗೆ ಕೆಡುತ್ತದೆ, ಯಾವುದಕ್ಕೆ ಅನುಕೂಲವಾಗುತ್ತದೆ ಎಂಬುದನ್ನು ಬಿಡಿಸಿ ನೋಡುವಂತೆ ನಾನು ಸೀಸೆಗಳನ್ನು ಜೋಡಿಸಿದೆ.

ಕಚ್ಚಾ ಎಣ್ಣೆಯನ್ನು ನೇರವಾಗಿ ಸುರಿಯಲಿಲ್ಲ. ಸೋಸಿದ ಸಮುದ್ರದ ನೀರಿನ ಮೇಲೆ ಅದನ್ನು ಬಿಟ್ಟು, ಕತ್ತಲಲ್ಲಿ ರಾತ್ರಿಯಿಡೀ ಸುಳಿ ಏಳದಷ್ಟು ನಿಧಾನವಾಗಿ ಕಲಕಿ, ತಿಳಿಯಾದ ಬಳಿಕ ಕೆಳಗಿನ ನಲ್ಲಿಯಿಂದ ನೀರನ್ನಷ್ಟೇ ತೆಗೆದು ಸೀಸೆಗಳಿಗೆ ಹಾಕಿದೆ. ನ್ಯಾಫ್ಥಲೀನ್‌ನಂತಹ ಕರಗುವ ಅಂಶಗಳು ಅದರಲ್ಲೇ ಇರುತ್ತವೆ.

ಮೊದಲು ತೊಂದರೆಗೀಡಾದದ್ದು ಪಾಚಿಯನ್ನು ಮೇಯುವ ಸಿಲಿಯೇಟ್‌ಗಳು ಎಂಬ ಏಕಕೋಶ ಜೀವಿಗಳು. ಜೀವಿಗಳನ್ನು ಕೆಡದಂತೆ ಇಡಲು ಬಳಸುವ ಲ್ಯೂಗಾಲ್ ಅಯೋಡಿನ್ ಹಾಕಿದೊಡನೆ, ಗೂಡು ಕಟ್ಟಿಕೊಳ್ಳುವ ಸಿಲಿಯೇಟ್‌ಗಳಾದ ಟಿಂಟಿನಿಡ್‌ಗಳು ತಮ್ಮ ಗೂಡು ಬಿಟ್ಟು ಹೊರಬರುವ ಸಂಭವವಿರುವುದರಿಂದ, ಖಾಲಿ ಗೂಡು ಕಂಡ ಮಾತ್ರಕ್ಕೆ ಎಣ್ಣೆಯಿಂದ ಸತ್ತಿತೆಂದು ಬರೆದುಕೊಳ್ಳಬಾರದು. ಹಾಗಾಗಿ ಪ್ರತಿ ಸೀಸೆಯ ಒಂದು ಹನಿಯನ್ನು ಜೀವಂತವಾಗಿಯೇ ನೋಡಿದ ಮೇಲೆ ಅಯೋಡಿನ್ ಹಾಕುತ್ತಿದ್ದೆ. ಎಣ್ಣೆಯ ಹನಿಯಲ್ಲಿ ಗೂಡುಗಳು ನಿಶ್ಚಲವಾಗಿದ್ದರೆ, ಪಕ್ಕದಲ್ಲೇ ಕುಂಬಳಬೀಜದಂತೆ ಚಪ್ಪಟೆಯಾದ ಪ್ರೊರೊಸೆಂಟ್ರಮ್ ಎಂಬ ಡೈನೋಫ್ಲಾಜೆಲೇಟ್ (ಬಾಲದಂತಹ ಎಳೆಗಳಿಂದ ಈಜುವ ಸೂಕ್ಷ್ಮಪಾಚಿ) ಈಜಾಡುತ್ತಿತ್ತು. ಮೆಕ್ಸಿಕೋ ಕೊಲ್ಲಿಯ ನೀರಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗಗಳೂ ಇದನ್ನೇ ತೋರಿಸಿವೆ: ಎಣ್ಣೆ ಮತ್ತು ಅದನ್ನು ಚದುರಿಸುವ ರಾಸಾಯನಿಕದಿಂದ ಮೇಯುವವು ಕಡಿಮೆಯಾಗಿ, ಡೈನೋಫ್ಲಾಜೆಲೇಟ್‌ಗಳು ಹೆಚ್ಚಿದವು.

ಬ್ಯಾಕ್ಟೀರಿಯಾದ ಪಾತ್ರ ಇನ್ನೂ ಜಟಿಲ. ಆಲ್ಕನಿವೊರಾಕ್ಸ್, ಮ್ಯಾರಿನೊಬ್ಯಾಕ್ಟರ್‌ನಂತಹವು ಎಣ್ಣೆಯನ್ನು ತಿನ್ನುತ್ತವೆ. ಎಣ್ಣೆಯಲ್ಲಿ ಇಂಗಾಲ ಯಥೇಚ್ಛವಾಗಿದ್ದರೂ ಸಾರಜನಕ, ರಂಜಕಗಳು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಅವನ್ನು ನೀರಿನಿಂದಲೇ ಹೀರಿಕೊಂಡು ಪಾಚಿಯೊಡನೆ ಪೈಪೋಟಿಗಿಳಿಯುತ್ತವೆ. ಇನ್ನೊಂದೆಡೆ, ಅನೇಕ ಡೈನೋಫ್ಲಾಜೆಲೇಟ್‌ಗಳಿಗೆ ಬೇಕಾದ ಬಿ12 ವಿಟಮಿನ್ ಬರುವುದು ಬ್ಯಾಕ್ಟೀರಿಯಾಗಳಿಂದಲೇ. ಕೆಲವು ಮ್ಯಾರಿನೊಬ್ಯಾಕ್ಟರ್‌ಗಳು ಪಾಚಿಗೆ ಕಬ್ಬಿಣವನ್ನೂ ಸುಲಭವಾಗಿ ದಕ್ಕಿಸಿಕೊಡುತ್ತವೆ. ಪೈಪೋಟಿ ಮತ್ತು ನೆರವು, ಈ ಎರಡನ್ನು ಬೇರ್ಪಡಿಸಲೆಂದು ಒಂದು ಸಾಲಿನ ಸೀಸೆಗಳಿಗೆ ಎಣ್ಣೆಯಲ್ಲಿ ಬೆಳೆಸಿದ ಜೀವಂತ ಬ್ಯಾಕ್ಟೀರಿಯಾ ಹಾಕಿದೆ, ಇನ್ನೊಂದು ಸಾಲಿಗೆ ಅವು ಬೆಳೆದ ದ್ರವವನ್ನು ಬ್ಯಾಕ್ಟೀರಿಯಾ ಹೊರಗುಳಿಯುವಂತೆ 0.2 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿ ಹಾಕಿದೆ. ಜೀವಂತ ಬ್ಯಾಕ್ಟೀರಿಯಾ ಇದ್ದಲ್ಲಿ ಪಾಚಿ ಮೊದಲು ಹಿಂದೆ ಬಿದ್ದು, ಎಣ್ಣೆ ಹಳತಾದ ಮೇಲೆ ಚೇತರಿಸಿಕೊಂಡಿತು. ಸೋಸಿದ ದ್ರವವಿದ್ದಲ್ಲಿ ಆರಂಭದಿಂದಲೇ ಚೆನ್ನಾಗಿ ಬೆಳೆಯಿತು. ಇಂಥ ಪ್ರಯೋಗಕ್ಕೆ ಎಲ್ಲರೂ ಬಳಸುವ ಎಫ್/2 ಮಾಧ್ಯಮವನ್ನು (ಪಾಚಿ ಬೆಳೆಸುವ ಪೋಷಕ ದ್ರವವನ್ನು) ಹಾಗೆಯೇ ಬಳಸಿದರೆ ಪ್ರಯೋಜನವಿಲ್ಲ. ಅದರಲ್ಲಿ ಬಿ12 ಮೊದಲೇ ಬೆರೆತಿರುತ್ತದೆ, ವ್ಯತ್ಯಾಸ ಮುಚ್ಚಿಹೋಗುತ್ತದೆ.

ಇಷ್ಟಾದರೂ ಗೋವಾದ ಕಡಲು ಬಣ್ಣಗೆಟ್ಟಾಗಲೆಲ್ಲ ಎಣ್ಣೆಯ ಕಡೆ ಬೆರಳು ತೋರುವುದನ್ನು ನಾನು ಒಪ್ಪುವುದಿಲ್ಲ. ಮುಂಗಾರಿನಲ್ಲಿ ಆಳದಿಂದ ಮೇಲೇಳುವ ತಣ್ಣನೆಯ ನೀರು, ಮಾಂಡವಿ ಮತ್ತು ಜುವಾರಿ ನದಿಗಳು ಹೊತ್ತು ತರುವ ಪೋಷಕಾಂಶಗಳು ನಮ್ಮ ಸೀಸೆಯಲ್ಲಿ ಇರಲಿಲ್ಲ. ಆದ್ದರಿಂದ ಡಾಂಬರು ತೇಲಿಬಂದ ದಿನ ನೀರು ತರುವವರು ಪಾಚಿಯನ್ನು ಎಣಿಸುವುದರ ಜೊತೆಗೆ ನೈಟ್ರೇಟ್ ಮತ್ತು ಫಾಸ್ಫೇಟ್‌ಗಳನ್ನು ಅಳೆದು, ಸಿಲಿಯೇಟ್‌ಗಳನ್ನೂ ಎಣಿಸಿಕೊಳ್ಳಬೇಕು.