ಎಣ್ಣೆ ಹಚ್ಚಿಕೊಂಡವರಿಗೆ ಒಲೆ ತೋರಿಸಿದ್ದು

ಮದುವೆ ವಿಡಿಯೊ ತೆಗೆಯೋದು ನನ್ನ ಹೊಟ್ಟೆಪಾಡು. ಸಾಗರದ ಸುತ್ತಮುತ್ತ ಹದಿನೈದು ವರ್ಷದಿಂದ ಧಾರೆ, ಉಪನಯನ, ಗೃಹಪ್ರವೇಶ ಅಂತ ಕ್ಯಾಮೆರಾ ಹೊತ್ತು ತಿರುಗಿದ್ದೇನೆ. ನಾವು ಕೊಡೋ ಮೂರು ತಾಸಿನ ವಿಡಿಯೊನ ಯಾರೂ ಎರಡನೇ ಸಲ ನೋಡಲ್ಲ ಅಂತ ಈ ಕಸುಬಿನವರಿಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಅಂಥದ್ದರಲ್ಲಿ ಹೋದ ದೀಪಾವಳಿಗೆ ನಾನು ತೆಗೆದ ನಲವತ್ತು ನಿಮಿಷದ ವಿಡಿಯೊನ ನಮ್ಮ ಮನೆಯ ಹದಿನಾಲ್ಕು ಜನ ಒಂದೇ ಬೆಳಿಗ್ಗೆ ಎರಡು ಸಲ ನೋಡಿದರು. ಅದರಲ್ಲಿ ಇರೋದು ನಮ್ಮ ಬಚ್ಚಲ ಒಲೆ. ಉರೀತಾ ಇರುತ್ತೆ.

"ಒಲೆ ನೋಡೋಕೆ ಟಿವಿ ಯಾಕೋ? ಎದ್ದು ಬಚ್ಚಲಿಗೆ ಹೋಗಿ ನೋಡು" ಅಂದಿದ್ದರು ಅತ್ತಿಗೆ. ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನನಗೆ ಮದುವೆ ಆರ್ಡರ್ ಕಮ್ಮಿಯಾಗಿದೆಯಾ ಅಂತ ಅಮ್ಮನ ಹತ್ತಿರ ವಿಚಾರಿಸಿದ್ದರು.

ಇದಕ್ಕೆ ಮುಂಚೆ ಮೂರು ವರ್ಷ ಮಣ್ಣು ಮುಕ್ಕಿದ್ದೇನೆ. ಮೊದಲ ವರ್ಷ ಎಲ್ಲರ ಹಾಗೆ ನಗೆ ತುಣುಕು ಒಟ್ಟು ಮಾಡಿದೆ. ಜಾರಿ ಬೀಳೋರು, ಕೇಕ್ ಕತ್ತರಿಸುವಾಗ ಮೇಜೇ ಮಗುಚೋದು, ಅಂಥವು. ಪ್ರೊಜೆಕ್ಟರಿಗೆ ಬಾಡಿಗೆ 1,200 ರೂಪಾಯಿ, ತಂದು ಬಿಡಲು ಆಟೋಗೆ ಮುನ್ನೂರೋ ಏನೋ. ಅಂಗಳದಲ್ಲಿ ಪಂಚೆ ಕಟ್ಟಿ ಶುರು ಮಾಡಿದೆ. ಎರಡನೇ ತುಣುಕಿಗೇ ಚಿಕ್ಕಪ್ಪ, "ಇದು ಬಂದಿತ್ತು" ಅಂದರು. ಮೂರನೆಯದಕ್ಕೂ "ಇದೂ ಬಂದಿತ್ತು". ಎಲ್ಲವೂ ಎಲ್ಲರ ವಾಟ್ಸಾಪಿಗೆ ಮುಂಚೆಯೇ ಬಂದಿದ್ದವು. ಹತ್ತು ನಿಮಿಷದಲ್ಲಿ ಪಂಚೆ ಮೇಲೆ ಒಂದು ವಿಡಿಯೊ, ಪ್ರತಿಯೊಬ್ಬರ ಮೊಬೈಲಿನಲ್ಲಿ ಇನ್ನೊಂದು. ಆಮೇಲೆ ಕರೆಂಟ್ ಹೋಯಿತು, ಮರ್ಯಾದೆ ಉಳಿಯಿತು.

ಎರಡನೇ ವರ್ಷದ್ದು ಜರ್ಮನಿಯಲ್ಲಿರೋ ತಮ್ಮನ ಸಲಹೆ. ಅಲ್ಲಿ ಡಿಸೆಂಬರ್ 31ರ ರಾತ್ರಿ ಟಿವಿಯಲ್ಲಿ 'ಡಿನ್ನರ್ ಫಾರ್ ಒನ್' ಹಾಕ್ತಾರೆ. 1963ರಲ್ಲಿ ಹ್ಯಾಂಬರ್ಗಿನಲ್ಲಿ ರೆಕಾರ್ಡ್ ಮಾಡಿದ ಕಪ್ಪು ಬಿಳುಪಿನ ಪ್ರಹಸನ. ಇರೋದು ಹದಿನೆಂಟು ನಿಮಿಷ, ಮಾತು ಇಂಗ್ಲಿಷು, ಆದರೂ ಜರ್ಮನರಿಗೆ ಅದಿಲ್ಲದೆ ಹೊಸ ವರ್ಷ ಬರೋದಿಲ್ಲವಂತೆ. ತೊಂಬತ್ತು ತುಂಬಿದ ಅಜ್ಜಿಯ ಹುಟ್ಟುಹಬ್ಬದ ಊಟ. ಕರೆದ ನಾಲ್ವರು ಗೆಳೆಯರೂ ಸತ್ತು ಎಷ್ಟೋ ಕಾಲವಾಗಿದೆ. ಬಡಿಸುವ ಮುದುಕ ಖಾಲಿ ಕುರ್ಚಿಗಳ ಪರವಾಗಿ ತಾನೇ ಕುಡೀತಾ ಹೋಗ್ತಾನೆ, ಓಡಾಡುವಾಗ ನೆಲದ ಮೇಲಿನ ಹುಲಿಚರ್ಮದ ತಲೆಗೆ ಎಡವುತ್ತಾ ಇರ್ತಾನೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ನಮ್ಮ ಅಜ್ಜಿ ಮಾತ್ರ ನಗಲಿಲ್ಲ. "ಪಾಪ, ಅವನನ್ನ ಯಾರಾದ್ರೂ ಒಂಚೂರು ಕೂರಿಸಿ, ಮಜ್ಜಿಗೆ ಕೊಡ್ರೋ" ಅಂದರು. ಅಲ್ಲಿ ಮೊದಲು ಬಡಿಸೋದು ಮಲ್ಲಿಗಟಾನಿ ಸೂಪು, ಅಂದರೆ ತಮಿಳರ ಮಿಳಗು ತಣ್ಣೀರು, ನಮ್ಮ ಮೆಣಸಿನ ಸಾರಿನ ವಂಶದ್ದು ಅಂದ ಮೇಲೆ ಸ್ವಲ್ಪ ಸಮಾಧಾನವಾಯಿತು. ಆದರೆ ಹದಿನೆಂಟು ನಿಮಿಷದಲ್ಲಿ ಹದಿನೈದು ನಿಮಿಷ ನಾನೇ ಅರ್ಥ ಹೇಳ್ತಾ ಇದ್ದೆ. ಅರ್ಥ ಹೇಳಿ ನಗಿಸೋದು ಕಚಗುಳಿ ಇಡೋದಕ್ಕಿಂತ ಕಡೆ.

ಆಗ ಗೊತ್ತಾಗಿದ್ದು, ಮಾತೇ ಇಲ್ಲದ್ದು ಬೇಕು ಅಂತ. ನ್ಯೂಯಾರ್ಕಿನ ಡಬ್ಲ್ಯುಪಿಐಎಕ್ಸ್ ಚಾನೆಲ್ಲಿನವರು 1966ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಫ್ಲ್ಯಾಟಿನಲ್ಲಿ ಇರೋರಿಗೆ ಬೆಂಕಿಗೂಡು ಎಲ್ಲಿ ಬರಬೇಕು ಅಂತ, ಉರಿಯೋ ಕೊರಡನ್ನೇ ಗಂಟೆಗಟ್ಟಲೆ ತೋರಿಸಿದ್ದರು. ಮೇಯರ್ ಮನೆಯಲ್ಲಿ ತೆಗೆದದ್ದು, ಬರೀ 17 ಸೆಕೆಂಡಿನ ಫಿಲ್ಮು, ಅದನ್ನೇ ಸುತ್ತಿ ಸುತ್ತಿ. ಶೂಟಿಂಗ್ ದಿನ ಅಡ್ಡದ ಜಾಲರಿ ತೆಗೆದಿದ್ದಕ್ಕೆ ಕಿಡಿ ಹಾರಿ ಅಲ್ಲಿನ ರತ್ನಗಂಬಳಿ ಸುಟ್ಟಿತಂತೆ. ನಾರ್ವೆಯ ಟಿವಿಯವರು 2013ರಲ್ಲಿ ಸೌದೆ ಕಾರ್ಯಕ್ರಮವನ್ನೇ ಹನ್ನೆರಡು ತಾಸು ಹಾಕಿದರು. ಸೌದೆ ಒಟ್ಟುವಾಗ ತೊಗಟೆ ಮೇಲೆ ಬರಬೇಕು ಅಂತ ಅರ್ಧ ಜನ, ಕೆಳಗೆ ಬರಬೇಕು ಅಂತ ಇನ್ನರ್ಧ ಜನ ದೂರು ಕಳಿಸಿದರು. ಇದನ್ನ ಓದಿದಾಗಲೇ ನನಗೆ ನಮ್ಮ ದೊಡ್ಡಪ್ಪ ನೆನಪಾದರು. ಬೇರೆಯವರು ಒಲೆಗೆ ಇಟ್ಟ ಸೌದೆಯನ್ನ ತೆಗೆದು ಮತ್ತೆ ಇಡದಿದ್ದರೆ ಅವರಿಗೆ ಸ್ನಾನ ಮಾಡಿದ ಹಾಗೇ ಆಗಲ್ಲ. ನಮ್ಮ ದೀಪಾವಳಿ ಅಂದರೆ ನೀರು ತುಂಬೋ ಹಬ್ಬ, ಅಂದಮೇಲೆ ಬಚ್ಚಲ ಒಲೆಗಿಂತ ಹಬ್ಬದ ವಿಡಿಯೊ ಬೇರೆ ಯಾವುದು?

ಮೂರನೇ ವರ್ಷ ಶೂಟ್ ಮಾಡಿದೆ. ಹಂಡೆಗೆ ಬಿಳಿ ಶೇಡಿ, ಕೆಮ್ಮಣ್ಣು ಬರೆದು, ಕಂಠಕ್ಕೆ ಹಿಂಡಲೆಕಾಯಿ ಬಳ್ಳಿ ಸುತ್ತಿ, ಫ್ರೇಮು ಅಂತೂ ದೇವರಾಣೆ ಚೆನ್ನಾಗಿತ್ತು. ಬೆಳಕಿನ ಲೆಕ್ಕವನ್ನ ಕ್ಯಾಮೆರಾಕ್ಕೇ ಬಿಟ್ಟು ಆಟೋ ಎಕ್ಸ್‌ಪೋಷರಿನಲ್ಲಿ ಇಟ್ಟಿದ್ದು ತಪ್ಪಾಯಿತು. ಜ್ವಾಲೆ ಎದ್ದಾಗಲೆಲ್ಲ ಹಂಡೆ ಕತ್ತಲಾಗಿ, ಇಳಿದಾಗ ಬೆಳಕಾಗಿ, ಕರೆಂಟ್ ಹೋಗಿ ಬಂದ ಹಾಗೆ. ಬಣ್ಣ ಸರಿಮಾಡೋ ವೈಟ್ ಬ್ಯಾಲೆನ್ಸ್ ಬೇರೆ ಆಟೋದಲ್ಲಿತ್ತು, ಬೆಂಕಿ ಟ್ಯೂಬ್‌ಲೈಟಿನ ಬಣ್ಣಕ್ಕೆ ತಿರುಗಿತ್ತು. ಹಬೆಗೆ ಲೆನ್ಸ್ ಮಂಜಾಗಿ ಹತ್ತು ನಿಮಿಷ ಪೂರ್ತಿ ಹಾಳು. ಹಳೇ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುತ್ತೆ ಅನ್ನೋದು ಮದುವೆ ಮನೇಲಿ ನೆನಪಿರುತ್ತೆ, ಸ್ವಂತ ಮನೇಲಿ ಇರಲ್ಲ. ಕಾಫಿ ಕುಡಿದು ಬರೋದರೊಳಗೆ ಅದು ನಿಂತಿತ್ತು, ನಿಂತ ಮೇಲೆ ಬೆಕ್ಕು ಬಂದು ಒಲೆಬಾಯಿ ಮುಂದೆ ಅಂಗಾತ ಮಲಗಿತ್ತು. ಗಾಳಿ ಸದ್ದು ತಡೆಯಲು ಮೈಕಿಗೆ ಹಾಕೋ ತುಪ್ಪಳಕ್ಕೆ ಕಿಡಿ ಹತ್ತಿ 1,800 ರೂಪಾಯಿ ಹೋಯಿತು. ನ್ಯೂಯಾರ್ಕಿಗೆ ರತ್ನಗಂಬಳಿ, ನಮಗೆ ಇದು.

ಉಳಿದ ಚೂರಿನಲ್ಲಿ ನಲವತ್ತು ಸೆಕೆಂಡನ್ನೇ ಸುತ್ತಿಸಿ ರಾತ್ರಿ ಊಟ ಆದಮೇಲೆ ಹಾಕಿದೆ. ಏಳು ವರ್ಷದ ಅಣ್ಣನ ಮಗಳು, "ಚಿಕ್ಕಪ್ಪಾ, ಆ ಕಿಡಿ ಮತ್ತೆ ಬಂತು" ಅಂದಳು. ಮುಂದಿನ ಸಲ ಬರೋ ಮೊದಲೇ "ಈಗ ಬರುತ್ತೆ" ಅಂದಳು. ಬಂತು. ಎಲ್ಲರೂ ಎದ್ದು ಮಲಗಲು ಹೋದರು.

ಮಾರನೇ ದಿನ ಬೆಳಗಿನ ಜಾವ ಜಗಲಿಯಲ್ಲಿ ಎಲ್ಲರೂ ಎಣ್ಣೆ ಹಚ್ಚಿಕೊಂಡು ಸ್ನಾನದ ಪಾಳಿಗೆ ಕೂತಿದ್ದರು. ಹದಿನಾಲ್ಕು ಜನಕ್ಕೆ ಒಂದೇ ಬಚ್ಚಲು, ಕಡೆಯವರಿಗೆ ಎರಡು ತಾಸು ಕಾಯೋದು ಗ್ಯಾರಂಟಿ. ಅಣ್ಣ ಎಣ್ಣೆ ಕೈಯಲ್ಲೇ ಮೊಬೈಲ್ ಎತ್ತಿದ, ಮೀನಿನ ಹಾಗೆ ಜಾರಿ ನೆಲಕ್ಕೆ ಬಿತ್ತು. ಪರದೆ ಹಾಕಿಸಲು ಅವನಿಗೆ 4,500 ಬಿತ್ತು, ನನಗೆ ಪುಕ್ಕಟೆ ಜ್ಞಾನೋದಯ. ಎಣ್ಣೆ ಹಚ್ಚಿಕೊಂಡವರು ಮೊಬೈಲ್ ಮುಟ್ಟಲ್ಲ, ಒರಗಿ ಮಲಗಲ್ಲ, ಚಾಪೆ ಬಿಟ್ಟು ಏಳಲ್ಲ. ಇಂಥ ಪ್ರೇಕ್ಷಕರು ಯಾವ ಥಿಯೇಟರಿಗೂ ಸಿಗಲ್ಲ.

ಅದರ ನಡುವೆ ಒಂದು ಹುಚ್ಚು ಮಾಡಿದೆ. ನಾರ್ವೆಯವರೇ 2009ರಲ್ಲಿ ಬರ್ಗನ್ ರೈಲಿನ ಏಳು ತಾಸಿನ ದಾರಿ ಪೂರ್ತಿ ತೋರಿಸಿದ್ದರಲ್ಲ, ನಾನು ತಾಳಗುಪ್ಪದಿಂದ ಶಿವಮೊಗ್ಗದವರೆಗೆ ಕಿಟಕಿಗೆ ಕ್ಯಾಮೆರಾ ಒರಗಿಸಿ ತೆಗೆದೆ. ಗಾಜಿನ ಕೊಳೆಯಲ್ಲಿ ಹೊರಗಿನ ಕಾಡು ಕಾಣಲೇ ಇಲ್ಲ. ಎದುರು ಸೀಟಿನವರು ಕಡಲೆಕಾಯಿ ಸುಲಿಯೋದು ಮಾತ್ರ ಗಾಜಿನಲ್ಲಿ ಸ್ಪಷ್ಟವಾಗಿ ಬಿದ್ದಿತ್ತು, ಆನಂದಪುರದಿಂದ ಕುಂಸಿವರೆಗೆ. ಅದನ್ನ ಇನ್ನೂ ಇಟ್ಟುಕೊಂಡಿದ್ದೇನೆ.

ನಾಲ್ಕನೇ ವರ್ಷ, ಅಂದರೆ ಹೋದ ವರ್ಷ, ಹಬ್ಬಕ್ಕೆ ಹದಿನೈದು ದಿನ ಮುಂಚೆ ತೆಗೆದೆ. ಎಲ್ಲ ಮ್ಯಾನುಯಲ್, ಶಟರ್ 1/50 ಸೆಕೆಂಡ್, ವೈಟ್ ಬ್ಯಾಲೆನ್ಸ್ 5,000 ಕೆಲ್ವಿನ್ ಹತ್ತಿರ ಕಟ್ಟಿಹಾಕಿದೆ. ಅಡಿಕೆ ಸಿಪ್ಪೆ ಹಾಕಬೇಡಿ, ಹೊಗೆ ಜಾಸ್ತಿ, ಉರಿ ಕಾಣಲ್ಲ. ತೆಂಗಿನ ಗರಟ ಹಾಕಿದರೆ ಉರಿ ಎತ್ತರಕ್ಕೆ ಎದ್ದು, ಬೆಳಕಿನ ಭಾಗವೆಲ್ಲ ಬರೀ ಬಿಳಿಯಾಗಿ ಹಾರಿಹೋಗುತ್ತೆ. ಗಟ್ಟಿ ಸೌದೆ ಮೂರು ತುಂಡು, ಅರೆ ಒಣಗಿದ್ದು ಒಂದು. ಆ ಅರೆ ಒಣಗಿದ್ದು ಸುಯ್ ಅನ್ನುತ್ತೆ, ತುದಿಯಲ್ಲಿ ನೊರೆ ಬರುತ್ತೆ, ಕಣ್ಣು ಅಲ್ಲೇ ನಿಲ್ಲುತ್ತೆ. ಚಟಪಟ ಸದ್ದು ಮಾತ್ರ ಒಲೆಯದ್ದಲ್ಲ. ಅಡುಗೆಮನೆಯ ಒಂದು ವಸ್ತುವಿನಿಂದ ಮಾಡಿದ್ದು, ಯಾವುದು ಅಂತ ಹೇಳಲ್ಲ. ಬೆಕ್ಕನ್ನ ಸರಿಯಾಗಿ 23ನೇ ನಿಮಿಷಕ್ಕೆ ಕರೆಸಿದ್ದು ಹೇಗೆ ಅಂತಲೂ ಕೇಳಬೇಡಿ.

ನಡುನಡುವೆ ಸಣ್ಣ ಸಣ್ಣದು ಸೇರಿಸಿದ್ದೆ. 12ನೇ ನಿಮಿಷಕ್ಕೆ ಪಕ್ಕದಿಂದ ಒಂದು ಕೈ ಬಂದು ಕೆಂಡದಲ್ಲಿ ಗೆಣಸು ಹುಗಿದು ಹೋಗುತ್ತೆ, ಅಷ್ಟೇ. ಹಬ್ಬದ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕೂತವರಿಗೆ ಹಾಕಿದಾಗ ಮೊದಲು ಯಾರೋ, "ಅದು ದೊಡ್ಡಪ್ಪನ ಕೈ, ಉಂಗುರ ನೋಡಿ" ಅಂದರು. ಐದು ನಿಮಿಷ ಆಗೋದರೊಳಗೆ ಗೆಣಸು ತಿರುಗಿಸಿಲ್ಲ ಅಂತ ಗಲಾಟೆ. ಒಂದು ಕಡೆ ಕರಟಿತು ಅಂತ ಅತ್ತಿಗೆ, ಒಳಗೆ ಇನ್ನೂ ಬೆಂದಿಲ್ಲ ಅಂತ ದೊಡ್ಡಮ್ಮ. ದೊಡ್ಡಪ್ಪ ತಮ್ಮ ಕೈಯ ಪರವಾಗಿ ತಾವೇ ವಾದಿಸಿದರು. ಬೆಕ್ಕು ಬಂದಾಗ ಮಕ್ಕಳು ಕೂಗಿದ್ದು ಪಕ್ಕದ ಮನೆಗೆ ಕೇಳಿಸಿತಂತೆ. 31ನೇ ನಿಮಿಷದ್ದು ಮಾತ್ರ ನಾನು ಹಾಕಿದ್ದಲ್ಲ, ತಾನಾಗಿ ಬಿದ್ದದ್ದು. ಅಜ್ಜಿ ಹಿಂದಿನಿಂದ ಯಾರಿಗೋ ಹೇಳ್ತಾರೆ, "ಇವನಿಗೊಂದು ಹುಡುಗಿ ನೋಡಿ ಅಂದರೆ ಕೇಳಲ್ಲ ನೀವು, ನೋಡಿ ಈಗ, ಒಲೆ ಕಾಯ್ತಾ ಕೂತಿದಾನೆ." ಎಡಿಟ್ ಮಾಡುವಾಗ ಕತ್ತರಿಸೋಣ ಅಂತಿದ್ದೆ. ಕತ್ತರಿಸದೇ ಇದ್ದದ್ದಕ್ಕೆ ಮನೆಯವರೆಲ್ಲ ಎಣ್ಣೆ ಮೈಯಲ್ಲೇ ಒಬ್ಬರ ಮೇಲೊಬ್ಬರು ಉರುಳಿ ನಕ್ಕರು. ಅಜ್ಜಿ, "ಯಾರು ಹಾಗೆ ಅಂದಿದ್ದು?" ಅಂತ ಕೇಳಿದರು.

ಒಟ್ಟು ಖರ್ಚು ಹೊಸ ತುಪ್ಪಳ ಸೇರಿ ಎರಡೂವರೆ ಸಾವಿರದ ಒಳಗೆ. ಪ್ರೊಜೆಕ್ಟರ್ ಬೇಕಾಗಲಿಲ್ಲ, ಮನೆಯ ಟಿವಿಯನ್ನೇ ಜಗಲಿಗೆ ತಿರುಗಿಸಿದೆ.

ಮುಗಿದ ಕೂಡಲೆ ಮಕ್ಕಳು ಮತ್ತೆ ಹಾಕು ಅಂದರು. ಹಾಕಿದೆ. ಎರಡನೇ ಸಲ ಬೆಕ್ಕು ಬರೋ ಹೊತ್ತಿಗೆ ಬಚ್ಚಲಿನಿಂದ ಭಾವನ ಕೂಗು ಕೇಳಿಸಿತು. ಮೈತುಂಬ ಸೀಗೆಪುಡಿ, ಹಂಡೆಯಲ್ಲಿ ತಣ್ಣೀರು. ಒಲೆಗೆ ಸೌದೆ ಇಡಬೇಕಾಗಿದ್ದ ದೊಡ್ಡಪ್ಪ ಜಗಲಿಯಲ್ಲಿ ಕೂತು, ಟಿವಿ ಒಳಗಿನ ಸೌದೆ ಸರಿಯಾಗಿ ಇಟ್ಟಿಲ್ಲ ಅಂತ ನನಗೆ ಹೇಳ್ತಾ ಇದ್ದರು.