ಎರಡೆಳೆ ಕರಿಮಣಿ ಸರ: ಕೊರಳಿಗೆ ಹಿತವಾಗುವಂತೆ ಮತ್ತೆ ಪೋಣಿಸುವುದು

ಕರಿಮಣಿ ಸರ ಕೊರಳಿಗೆ ಚುಚ್ಚಿದರೆ ತಪ್ಪು ಮಣಿಗಳದ್ದಲ್ಲ. ದಾರ ಬಿಗಿಯಾಗಿದೆ, ಇಲ್ಲವೇ ಗಂಟು ಕತ್ತಿನ ಹಿಂಭಾಗಕ್ಕೆ ಒತ್ತುತ್ತಿದೆ. ಎರಡನ್ನೂ ಮನೆಯಲ್ಲೇ ಸರಿಪಡಿಸಬಹುದು. ಸರ ಬಿಚ್ಚಿದಾಗ ಕೊರಳು ಖಾಲಿ ಇರಬಾರದು ಎನ್ನುವವರು ಅರಿಶಿನ ಕೊಂಬು ಕಟ್ಟಿದ ದಾರವನ್ನು ಮೊದಲೇ ಹಾಕಿಕೊಳ್ಳಲಿ.

ತಟ್ಟೆಯಲ್ಲಿ ಟವೆಲ್ ಹಾಸಿ, ಸರದ ಫೋಟೊ ತೆಗೆದಿಟ್ಟುಕೊಂಡು, ಕೊಕ್ಕೆಯ ಪಕ್ಕದಲ್ಲೇ ದಾರ ಕತ್ತರಿಸಿ. ಗಾಜಿನ ಮಣಿ, ಚಿನ್ನದ ಗುಂಡುಗಳನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಹವಳವಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹುಣಸೆಹಣ್ಣು, ನಿಂಬೆರಸ ಸೋಕಿದರೆ ಹೊಳಪು ಹೋಗುತ್ತದೆ. ತೂತಿನ ಅಂಚು ಒಡೆದ ಮಣಿಯನ್ನು ಯಾವ ಕಾರಣಕ್ಕೂ ಉಳಿಸಿಕೊಳ್ಳಬೇಡಿ, ಅದೇ ದಾರ ಕೊಯ್ಯುವುದು.

ಹುರಿಗೊಳಿಸಿದ ನೈಲಾನ್ ದಾರ ತನ್ನಿ. ಮೀನಿನ ಗಾಳದ ತಂಗೂಸಿ ಬೇಡ, ಅದು ಸೆಟೆದು ನಿಲ್ಲುತ್ತದೆ. ಮಡಚಿದ ದಾರ ತುದಿಯಲ್ಲಿ ಹಿಂದಕ್ಕೂ ಬರುವುದರಿಂದ ಮಣಿಯ ತೂತಿನಲ್ಲಿ ನಾಲ್ಕು ದಾರ ಸಲೀಸಾಗಿ ಹೋಗಬೇಕು; ತುರುಕಿದರೆ ಗಾಜು ಸೀಳುತ್ತದೆ. 24 ಅಂಗುಲದ ಸರಕ್ಕೆ ಒಂದೊಂದು ಎಳೆಗೂ 1.8 ಮೀಟರ್ ದಾರವನ್ನು ಮಡಚಿ, ಮಡಿಕೆಯ ಕಡೆ ಮಣಿ ಸೂಜಿ ಸೇರಿಸಿ.

ತುದಿಯಲ್ಲಿ 15 ಸೆಂ.ಮೀ. ಬಿಟ್ಟು ಕೊಕ್ಕೆಯ ರಿಂಗಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿ. ಒಂದೇ ಸುತ್ತಾದರೆ ಅಲ್ಲೇ ಬೇಗ ಸವೆಯುತ್ತದೆ. ಕೊಕ್ಕೆಯ ಎರಡೂ ಕಡೆ 5 ಸೆಂ.ಮೀ. ಬರೀ ಸಣ್ಣ ಕರಿಮಣಿ ಇರಲಿ; ಅಲ್ಲಿ ಗೆರೆ ಕೊರೆದ ಗುಂಡು ಬಂದರೆ ಕೂದಲು ಸಿಕ್ಕಿಕೊಳ್ಳುತ್ತದೆ, ಮಲಗಿದಾಗ ಒತ್ತುತ್ತದೆ. ತಾಳಿಯ ಎಡಬಲಕ್ಕೆ ಮಣಿ, ಗುಂಡು ಎರಡನ್ನೂ ಎಣಿಸಿ ಸಮ ಮಾಡಿ.

ಕೊನೆಯ ಗಂಟಿಗೆ ಮುಂಚಿನದು ನಿಜವಾದ ಕೆಲಸ. ಸರವನ್ನು ನೇತುಹಾಕಿ ಮಣಿಗಳು ಕೆಳಗಿಳಿದು ಕೂರಲು ಬಿಡಿ. ಆಮೇಲೆ ಮೇಲ್ತುದಿಯಲ್ಲಿ 2 ಮಿ.ಮೀ. ದಾರ ಕಾಣಬೇಕು, ಅಷ್ಟೇ ಸಡಿಲ. ಎರಡು ಬೆರಳಿಗೆ ಸುತ್ತಿದರೆ ಸರ ತಾನಾಗಿ ಬಾಗಬೇಕು. ಬಾಗದಿದ್ದರೆ ಬಿಗಿ ಹೆಚ್ಚಾಗಿದೆ, ಬಿಚ್ಚಿ. 5 ಮಿ.ಮೀ. ಬಿಟ್ಟರೆ ದಾರ ಹೊರಗೆ ಕಂಡು ಬೆವರು, ಎಣ್ಣೆ ಹೀರುತ್ತದೆ. ಎರಡು ಎಳೆಗಳನ್ನೂ ಜೊತೆಗೆ ಹಿಡಿದು ನೋಡಿ: ಒಂದು ಗಿಡ್ಡವಾದರೆ ತಾಳಿಯ ಭಾರವೆಲ್ಲ ಅದರ ಮೇಲೇ ಬಿದ್ದು ಅದೇ ಮೊದಲು ಹರಿಯುತ್ತದೆ.

ಈಗ ರಿಂಗಿಗೆ ಕಟ್ಟಿ, ಸೂಜಿಯಿಂದ ಉಳಿದ ತುದಿಗಳನ್ನು 4–5 ಸೆಂ.ಮೀ. ಮಣಿಗಳೊಳಗೆ ಹಿಂದಕ್ಕೆ ಪೋಣಿಸಿ. ನಡುವೆ ಒಂದು ಗಂಟು ಹಾಕಿ, ಇನ್ನೆರಡು ಮಣಿ ದಾಟಿಸಿ, ತೂತಿನ ಬಾಯಿಗೇ ಕತ್ತರಿಸಿ. ಬೆಂಕಿಕಡ್ಡಿಯಿಂದ ಸುಡಬೇಡಿ, ಕರಗಿದ ನೈಲಾನ್ ಗಟ್ಟಿ ಉಂಡೆಯಾಗಿ ಚರ್ಮ ಕೆರೆಯುತ್ತದೆ. ರಿಂಗಿನ ಬಳಿ ದಾರದ ನಾರು ಎದ್ದಿದ್ದು ಕಂಡರೆ ಹರಿಯುವವರೆಗೆ ಕಾಯದೆ ದಾರ ಬದಲಿಸಿ.